ನೀರು ಕಾಯುವ ದಾರಿ

ಡಿಸೆಂಬರಿನ ಚಳಿಯಲ್ಲಿ, ಜಂಗಮಕೋಟೆಯ ಸುತ್ತಮುತ್ತ ಬೆಳಗಿನ ಜಾವ ತ್ರೀ ಫೇಸ್ ಕರೆಂಟು ಬಂದು ಮೋಟರು ಶುರುವಾದರೆ, ಕೃಷಿ ಹೊಂಡಕ್ಕೆ ಬೀಳುವ ನೀರಿನ ಮೇಲೆ ಹಬೆಯಾಡುವುದು ಅಲ್ಲಿನ ರೈತರಿಗೆ ಹೊಸದಲ್ಲ. ಸಾವಿರದಿಂದ ಸಾವಿರದೈನೂರು ಅಡಿವರೆಗೆ ಕೊರೆದ ಬೋರಿನ ನೀರು ಅದು. ಕೈಯೊಡ್ಡಿದರೆ ಬೆಚ್ಚಗಿರುತ್ತದೆ, ಬಾಯಿಗೆ ಹಾಕಿಕೊಂಡರೆ ಸಪ್ಪೆ. ‘ಕೆಳಗೆ ಬೆಂಕಿ ಇದೆ, ಅದಕ್ಕೇ ಬಿಸಿ’ ಎಂಬುದು ಇದಕ್ಕೆ ಊರಲ್ಲಿ ಸಿಗುವ ವಿವರಣೆ. ಬದರಿಯ ತಪ್ತಕುಂಡದಲ್ಲಿ ಮಿಂದು ಬಂದವರೂ, ಯಮುನೋತ್ರಿಯ ಸೂರ್ಯಕುಂಡದಲ್ಲಿ ಬಟ್ಟೆಗಂಟಿನ ಅಕ್ಕಿ ಬೆಂದು ಪ್ರಸಾದವಾಗುವುದನ್ನು ನೋಡಿ ಬಂದವರೂ ಇದನ್ನೇ ಹೇಳುತ್ತಾರೆ. ಹಿಮಾಲಯದ ಕುಂಡದ ನೀರಿಗೂ ಶಿಡ್ಲಘಟ್ಟ ತಾಲ್ಲೂಕಿನ ಬೋರಿನ ನೀರಿಗೂ ನಂಟಿರುವುದು ನಿಜ. ಆದರೆ ಅದು ಬೆಂಕಿಯ ನಂಟಲ್ಲ. ನೆಲದೊಳಗಿನ ಶಾಖ ಎಲ್ಲ ಊರಿನ ಕೆಳಗೂ ಇದೆ. ಆದರೆ ಆ ಶಾಖವಿರುವ ಆಳಕ್ಕೆ ಇಳಿದ ನೀರು ಆರುವ ಮೊದಲೇ ಮೇಲೆ ಬರಲು ಒಂದು ದಾರಿ ಸಿಗುವುದು ಅಪರೂಪ. ಆ ದಾರಿ ಇದ್ದ ಕಡೆ ಬಿಸಿನೀರಿನ ಬುಗ್ಗೆ ಇದೆ, ಇಲ್ಲದ ಕಡೆ ಇಲ್ಲ ಎಂಬುದು ಈ ಅಧ್ಯಾಯದ ವಾದ.

ಬೆಂಕಿಯೇ ಕಾರಣವಾಗಿದ್ದರೆ ಜ್ವಾಲಾಮುಖಿಗಳಿರುವಲ್ಲಿ ಮಾತ್ರ ಬಿಸಿನೀರಿನ ಬುಗ್ಗೆಗಳಿರಬೇಕಿತ್ತು. ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ ಮಾತ್ರ. ಬಿಸಿನೀರಿನ ಬುಗ್ಗೆಗಳಾದರೋ ಮುನ್ನೂರಕ್ಕೂ ಹೆಚ್ಚು. ಹಿಮಾಚಲದ ಮಣಿಕರಣ್, ಲಡಾಖಿನ ಪುಗಾ, ಬಿಹಾರದ ರಾಜಗೀರ್, ಬಂಗಾಳದ ಬಕ್ರೇಶ್ವರ, ಒಡಿಶಾದ ಅತ್ರಿ, ಮುಂಬೈ ಬಳಿಯ ವಜ್ರೇಶ್ವರಿಯಿಂದ ದಕ್ಷಿಣಕ್ಕೆ ರಾಜಾಪುರದವರೆಗೆ ಕೊಂಕಣದ ಉದ್ದಕ್ಕೂ ಸಾಲುಗಟ್ಟಿದ ಬುಗ್ಗೆಗಳು, ಇವುಗಳಲ್ಲಿ ಯಾವುದರ ಪಕ್ಕದಲ್ಲೂ ಉರಿಯುವ ಬೆಟ್ಟವಿಲ್ಲ. ಹೊರದೇಶಗಳ ಕಥೆಯೂ ಹೀಗೆಯೇ. ರೋಮನ್ನರು ಸ್ನಾನಗೃಹ ಕಟ್ಟಿಕೊಂಡಿದ್ದ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಇಂದಿಗೂ ದಿನಕ್ಕೆ ಸುಮಾರು 11 ಲಕ್ಷ ಲೀಟರ್ ನೀರು 46 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಕ್ಕುತ್ತದೆ. ಇಂಗ್ಲೆಂಡಿನಲ್ಲಿ ಜೀವಂತ ಜ್ವಾಲಾಮುಖಿ ಒಂದೂ ಇಲ್ಲ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಹಾಟ್ ಸ್ಪ್ರಿಂಗ್ಸ್ ಎಂದೇ ಹೆಸರಾದ ಊರಿದೆ. ಅಲ್ಲಿನ ನೀರು 62 ಡಿಗ್ರಿಯ ಆಸುಪಾಸು ಬಿಸಿ, ಅಲ್ಲೂ ಜ್ವಾಲಾಮುಖಿ ಇಲ್ಲ. ಹಾಗೆಂದು ಜ್ವಾಲಾಮುಖಿಗೂ ಬುಗ್ಗೆಗೂ ಸಂಬಂಧವೇ ಇಲ್ಲ ಎನ್ನಲಾಗದು. ಐಸ್‌ಲ್ಯಾಂಡ್, ಜಪಾನಿನ ಬೆಪ್ಪು, ಅಮೆರಿಕದ ಯೆಲ್ಲೋಸ್ಟೋನ್, ನ್ಯೂಜಿಲೆಂಡಿನ ರೊಟೊರುವಾ ಇವೆಲ್ಲ ಶಿಲಾಪಾಕದ ಮೇಲೆ ಕೂತ ಜಾಗಗಳು. ಅಲ್ಲಿ ಶಾಖ ನೆಲಕ್ಕೆ ಹತ್ತಿರ ಬಂದಿರುವುದರಿಂದ ನೀರು ಬಹಳ ದೂರ ಇಳಿಯಬೇಕಿಲ್ಲ, ದಾರಿ ಚಿಕ್ಕದಾಗುತ್ತದೆ. ದಾರಿ ಬೇಕೇ ಬೇಕು ಎಂಬ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಹಾಗಾದರೆ ಬೆಂಕಿಯಿಲ್ಲದ ನೆಲದಲ್ಲಿ ಶಾಖ ಎಲ್ಲಿಂದ ಬಂತು? ಭೂಮಿ ಹುಟ್ಟಿದಾಗಿನ ಕಾವು ಇನ್ನೂ ಪೂರ್ತಿ ಆರಿಲ್ಲ. ಜೊತೆಗೆ ಬಂಡೆಗಳೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಪರಮಾಣುಗಳು ಕ್ಷಯಿಸುತ್ತ ಹೊಸ ಶಾಖವನ್ನು ಕೊಡುತ್ತಲೇ ಇವೆ. ಒಟ್ಟು ಶಾಖದಲ್ಲಿ ಹೆಚ್ಚುಕಮ್ಮಿ ಅರ್ಧ ಈ ಬಗೆಯದು. ನಮ್ಮ ಸೀಮೆಯಲ್ಲಿ ಈ ಶಾಖವನ್ನು ಅಳೆಯಲು ಬೇರೆ ಪ್ರಯೋಗ ಬೇಕಾಗಲಿಲ್ಲ, ಚಿನ್ನದ ಗಣಿಯೇ ಅಳೆದುಕೊಟ್ಟಿತು. ಪಕ್ಕದ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. 2001ರಲ್ಲಿ ಮುಚ್ಚುವವರೆಗೂ ಅದು ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ತಳದಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿ ದಾಟುತ್ತಿತ್ತು. ತಣ್ಣಗೆ ಮಾಡಿದ ಗಾಳಿಯನ್ನು ಮೇಲಿನಿಂದ ಒಳಗೆ ನೂಕದೆ ಅಲ್ಲಿ ಮನುಷ್ಯ ಕೆಲಸ ಮಾಡುವಂತಿರಲಿಲ್ಲ. ಮೇಲಿನ ನೆಲ ಸರಾಸರಿ 26 ಡಿಗ್ರಿ ಎಂದು ಹಿಡಿದರೆ, ಕಿಲೋಮೀಟರಿಗೆ ಹನ್ನೆರಡು ಡಿಗ್ರಿಗಿಂತ ತುಸು ಹೆಚ್ಚು ಏರಿದಂತಾಯಿತು. ಜಗತ್ತಿನ ಸಾಮಾನ್ಯ ಏರಿಕೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ಅಂದರೆ ನಮ್ಮದು ತಣ್ಣನೆಯ ನೆಲವೇ. ಆದರೂ ಮೂರು ಕಿಲೋಮೀಟರ್ ಕೆಳಗೆ, ಯಾವ ಜ್ವಾಲೆಯ ಹಂಗೂ ಇಲ್ಲದೆ, ಬಕ್ರೇಶ್ವರದ ಕುಂಡದಷ್ಟು ಬಿಸಿ ಇದೆ.

ಆ ಬಿಸಿ ನಮ್ಮ ಕಾಲಿಗೆ ಏಕೆ ತಾಗುವುದಿಲ್ಲ ಎಂದರೆ ಬಂಡೆ ಶಾಖವನ್ನು ಬಿಡುವುದು ತೀರಾ ನಿಧಾನ. ಕೋಲಾರದ ಕಡೆ ಒಂದು ಚದರ ಮೀಟರ್ ನೆಲದಿಂದ ಮೇಲಕ್ಕೆ ಬರುವ ಶಾಖ ಸುಮಾರು 0.04 ವ್ಯಾಟ್. ಜಂಗಮಕೋಟೆಯ ಒಂದು ಎಕರೆ ಹಿಪ್ಪುನೇರಳೆ ತೋಟದಡಿಯಿಂದ ಹಗಲಿರುಳು ಏರಿ ಬರುವುದನ್ನೆಲ್ಲ ಕೂಡಿಸಿದರೂ 160 ವ್ಯಾಟ್; ಎರಡು ಸೀಲಿಂಗ್ ಫ್ಯಾನ್ ತಿರುಗುವಷ್ಟು. ಇಷ್ಟರಲ್ಲಿ ಬಿಂದಿಗೆ ನೀರೂ ಸರಿಯಾಗಿ ಕಾಯದು. ಬುಗ್ಗೆಯ ನೀರಿಗೆ ಅಷ್ಟು ಶಾಖ ಬರಬೇಕಾದರೆ ವಿಶಾಲ ನೆಲದ ಕಾವನ್ನು ಯಾರೋ ಬಾಚಿ ಒಂದೆಡೆ ತರಬೇಕು. ಬಾತ್ ಪಟ್ಟಣದ ಲೆಕ್ಕವನ್ನೇ ಹಾಕಿ ನೋಡಬಹುದು. ಹತ್ತು ಡಿಗ್ರಿಯ ಮಳೆನೀರು ನಲವತ್ತಾರಕ್ಕೆ ಏರಿದೆ, ದಿನಕ್ಕೆ 11 ಲಕ್ಷ ಲೀಟರ್. ಇದು ಹೆಚ್ಚುಕಮ್ಮಿ 19 ಲಕ್ಷ ವ್ಯಾಟ್ ಶಾಖವಾಯಿತು. ಮಾಮೂಲಿ ನೆಲದಿಂದ ಇಷ್ಟು ಶಾಖ ಬರಬೇಕಾದರೆ ಮೂವತ್ತು, ನಲವತ್ತು ಚದರ ಕಿಲೋಮೀಟರ್ ಜಾಗ ಬೇಕು. ಅಷ್ಟು ದೊಡ್ಡ ನೆಲದ ಕಾವನ್ನು ಆಳದಲ್ಲಿ ಅಲೆದು ಕೂಡಿಹಾಕಿ ಒಂದೇ ಬಾಯಲ್ಲಿ ಹೊರಹಾಕುವ ಕೆಲಸವನ್ನು ಅಲ್ಲಿ ಮಾಡುತ್ತಿರುವುದು ನೀರು.

ಈ ಕೆಲಸಕ್ಕೆ ಮೂರು ಸಂಗತಿ ಒಟ್ಟಿಗೆ ಒದಗಬೇಕು. ಮಳೆನೀರು ಕಿಲೋಮೀಟರುಗಟ್ಟಲೆ ಇಳಿಯಬೇಕು, ಕೆಳಗೆ ಸಾಕಷ್ಟು ಕಾಲ ಬಂಡೆಯೊಡನೆ ಇರಬೇಕು, ಆಮೇಲೆ ಬೇಗ ಮೇಲೆ ಬರಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಇಳಿಯುವಾಗ ನೀರಿಗೆ ಅವಸರವಿಲ್ಲ, ಎಲ್ಲ ಬಿರುಕುಗಳಲ್ಲೂ ಹನಿಹನಿಯಾಗಿ ಜಿನುಗಬಹುದು. ಏರುವಾಗಲೂ ಅಷ್ಟೇ ನಿಧಾನವಾದರೆ ಪಡೆದ ಶಾಖವನ್ನೆಲ್ಲ ಮೇಲಿನ ತಣ್ಣನೆಯ ಬಂಡೆಗೆ ಕೊಟ್ಟು, ಹೊರಬರುವ ಹೊತ್ತಿಗೆ ಮಾಮೂಲಿ ಒರತೆಯಾಗಿಬಿಡುತ್ತದೆ. ಅದಕ್ಕೇ ಬುಗ್ಗೆಗಳು ದೊಡ್ಡ ಸ್ತರಭಂಗಗಳ ಮೇಲೆ, ಅಂದರೆ ನೆಲ ಸೀಳಿ ಒಂದು ಪಕ್ಕ ಜಾರಿದ ಗೆರೆಗಳ ಮೇಲೆ ಕಾಣಿಸಿಕೊಳ್ಳುವುದು. ಬಾತ್‌ನ ನೀರು ಮೆಂಡಿಪ್ ಬೆಟ್ಟಗಳ ಮೇಲೆ ಬಿದ್ದ ಮಳೆಯೆಂದೂ, ಸುಣ್ಣಗಲ್ಲಿನೊಳಗೆ 2.7ರಿಂದ 4.3 ಕಿಲೋಮೀಟರ್ ಇಳಿದು ಬಂದದ್ದೆಂದೂ ಅಲ್ಲಿನ ಭೂವಿಜ್ಞಾನಿಗಳ ಅಂದಾಜು. ಬೆಟ್ಟದ ಕಡೆಯ ಎತ್ತರದ ನೀರಿನ ಒತ್ತಡವೇ ಈ ಕಡೆಯ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆರ್ಕನ್ಸಾದ ನೀರಿನ ವಯಸ್ಸನ್ನು ಇಂಗಾಲದ ಲೆಕ್ಕದಿಂದ ಕಂಡುಹಿಡಿದಾಗ ಬಂದ ಉತ್ತರ ಸುಮಾರು 4,400 ವರ್ಷ. ಇಳಿಯಲು ಅಷ್ಟು ಕಾಲ ಹಿಡಿದ ನೀರು, ಸ್ತರಭಂಗ ಸಿಕ್ಕಿದ ಮೇಲೆ ಮೇಲೆ ಬರಲು ತೆಗೆದುಕೊಂಡದ್ದು ಅದರ ಸಣ್ಣ ಪಾಲು. ಹಿಮಾಲಯದಲ್ಲಿ ನೆಲ ಇನ್ನೂ ಏಳುತ್ತಿದೆ, ಬಿರಿಯುತ್ತಿದೆ. ಕೆಳಗಿದ್ದ ಬಿಸಿ ಬಂಡೆ ಆರುವ ಮೊದಲೇ ಮೇಲಕ್ಕೆ ಬಂದಿದೆ, ಬಿರುಕುಗಳೂ ಹೊಸವು. ಹಾಗಾಗಿ ಮಣಿಕರಣ್‌ನ ಗುರುದ್ವಾರದಲ್ಲಿ ಒಲೆ ಹೊತ್ತಿಸದೆ ಅನ್ನ ಬೇಯುತ್ತದೆ.

ಈಗ ಜಂಗಮಕೋಟೆಗೆ ಬರೋಣ. ಇಲ್ಲಿನ ಬಂಡೆಗೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅದೆಷ್ಟು ಶಾಂತವಾದ ನೆಲ ಎಂಬುದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಿಲ್ಲ. ದೂರದ ದೇಶಗಳು ನೆಲದಡಿ ನಡೆಸುವ ಪರಮಾಣು ಸ್ಫೋಟಗಳ ಸದ್ದನ್ನು ಆಲಿಸಲು 1965ರಲ್ಲಿ ಭೂಕಂಪಮಾಪಕಗಳ ಜಾಲವೊಂದನ್ನು ಹರಡಿದ್ದು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಎರಡು ತೋಳುಗಳುದ್ದಕ್ಕೂ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಅದನ್ನು ಇಂದಿಗೂ ನಡೆಸುತ್ತಿದೆ. ಸಾವಿರಾರು ಕಿಲೋಮೀಟರ್ ಆಚೆಯ ನಡುಕ ಕೇಳಬೇಕಾದರೆ ಕಾಲಡಿಯ ನೆಲ ಸುಮ್ಮನಿರಬೇಕು, ಗಟ್ಟಿ ಬಂಡೆಯಾಗಿರಬೇಕು. ನಮ್ಮ ನೆಲಕ್ಕೆ ಅವರು ಕೊಟ್ಟ ಮಾರ್ಕು ಅದು. ಬಿಸಿನೀರಿನ ಬುಗ್ಗೆ ಇಲ್ಲದಿರುವುದಕ್ಕೆ ಕಾರಣವೂ ಅದೇ. ಅಲುಗಾಡದ ನೆಲದಲ್ಲಿ ಬಿರುಕುಗಳು ಹೊಸದಾಗಿ ಬಾಯಿಬಿಡುವುದಿಲ್ಲ. ಹಳೆಯವು ಜೇಡಿ, ಸುಣ್ಣ, ಬಿಳಿಗಲ್ಲುಗಳಿಂದ ಕಟ್ಟಿಕೊಳ್ಳುತ್ತವೆ. ಕೆಳಗಿಳಿದಷ್ಟೂ ಮೇಲಿನ ಬಂಡೆಯ ಭಾರಕ್ಕೆ ಮುಚ್ಚಿಕೊಳ್ಳುತ್ತವೆ. ನಂದಿ ಬೆಟ್ಟ 1,478 ಮೀಟರ್ ಎತ್ತರವಿದೆಯಲ್ಲ, ಮೆಂಡಿಪ್‌ನಂತೆ ಅದೇ ಒತ್ತಡ ಕೊಡಬಹುದಲ್ಲ ಎಂದು ಕೇಳಬಹುದು. ಒತ್ತಡವೇನೋ ಸಿಕ್ಕೀತು, ಇಳಿಯಲು ಬಿರುಕೆಲ್ಲಿ? ಇಳಿಯುವಷ್ಟು ಮಳೆಯಾದರೂ ಎಲ್ಲಿ? ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಬೀಳುವ ಈ ಸೀಮೆಯಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಕೆರೆಗೆ ಹೋಗಿ, ಮೇಲಿನ ಸವಕಲು ಬಂಡೆಯಲ್ಲಿ ನಿಂತು, ಒಂದು ಕಾಲಕ್ಕೆ ಕಪಿಲೆ ಹೊಡೆಯುವ ಬಾವಿಗಳನ್ನು ತುಂಬುತ್ತಿತ್ತು. ನಂದಿಯ ಸುತ್ತ ಹುಟ್ಟುವ ಪಿನಾಕಿನಿ, ಪಾಲಾರ್, ಅರ್ಕಾವತಿಗಳ ಮೂಲ ಒರತೆಗಳೆಲ್ಲ ತಣ್ಣೀರಿನವೇ. ಅವು ಆಳಕ್ಕೆ ಇಳಿದವಲ್ಲ.

ಹಾಗಿದ್ದರೆ ಬೋರಿನ ನೀರು ಬೆಚ್ಚಗಿರುವುದು ಹೇಗೆ? ಆಕ್ಷೇಪ ಸರಿಯಾದದ್ದೇ. ಉತ್ತರ ಕೆಜಿಎಫ್‌ನ ಲೆಕ್ಕದಲ್ಲಿದೆ. 1,500 ಅಡಿ ಎಂದರೆ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅಲ್ಲಿ ಬಂಡೆ ಐದಾರು ಡಿಗ್ರಿ ಹೆಚ್ಚು ಬಿಸಿಯಿರಬೇಕು. ನೀರು ಮೂವತ್ತೊಂದರ ಸುಮಾರಿಗೆ ಬರಬೇಕು, ಅಷ್ಟೇ. ಹೊರಗೆ ಗಾಳಿ ಹನ್ನೆರಡೋ ಹದಿಮೂರೋ ಡಿಗ್ರಿಗೆ ಇಳಿದ ಬೆಳಗ್ಗೆ ಅಷ್ಟಕ್ಕೇ ಹಬೆಯೇಳುತ್ತದೆ. ನಮ್ಮ ಚರ್ಮಕ್ಕೆ ಉಷ್ಣತೆ ಅಳೆಯಲು ಬರುವುದಿಲ್ಲ, ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಏಪ್ರಿಲಿನ ಮಧ್ಯಾಹ್ನ ಅದೇ ನೀರು ತಂಪೆನಿಸೀತು. ಬಿಸಿ ಮಾಡುವುದು ಮೋಟರು ಎನ್ನುವವರೂ ಇದ್ದಾರೆ. ಹತ್ತು ಅಶ್ವಶಕ್ತಿಯ ಮೋಟರು ಕೊಡುವ ಶಕ್ತಿ ಏಳೂವರೆ ಕಿಲೋವ್ಯಾಟ್. ಸೆಕೆಂಡಿಗೆ ಒಂದು ಲೀಟರ್ ನೀರನ್ನು 300 ಮೀಟರ್ ಎತ್ತಲು ಅದರಲ್ಲಿ ಮೂರು ಕಿಲೋವ್ಯಾಟ್ ಹೋಗುತ್ತದೆ. ಮಿಕ್ಕದ್ದೆಲ್ಲ ಶಾಖವಾಗಿ ನೀರಿಗೇ ಸೇರಿದರೂ ಏರುವುದು ಒಂದು ಡಿಗ್ರಿಯ ಸುಮಾರು. ಬಿಸಿಲಿಗೆ ಬಿದ್ದ ಕಪ್ಪು ಪೈಪಿನಲ್ಲಿ ನಿಂತಿದ್ದ ನೀರು ಮೊದಲ ಕೆಲವು ನಿಮಿಷ ಸುಡುವಷ್ಟು ಬರುವುದುಂಟು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಇನ್ನು ಈ ಸೀಮೆಯ ಕೆಲವು ಬೋರುಗಳ ನೀರಿನಲ್ಲಿ ಯುರೇನಿಯಂ ಅಂಶ ಕಂಡಿದ್ದರಿಂದ, ಕಾವು ಅದರದೇ ಎಂಬ ಭಯ ಕೆಲವರಿಗಿದೆ. ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿರುವ ಯುರೇನಿಯಂ ಕುಡಿಯುವವರ ಮೂತ್ರಪಿಂಡಕ್ಕೆ ಕೆಡುಕಾದೀತು, ನೀರನ್ನು ಮಾತ್ರ ಅದು ಕಾಯಿಸಲಾರದು. ಹಾಗಾಗಿ ಆಳ ಮಾತ್ರ ಉಳಿಯುತ್ತದೆ. ಇನ್ನಷ್ಟು ಕೊರೆದರೆ ಸ್ನಾನಕ್ಕಾಗುವಷ್ಟು ಬಿಸಿ ಸಿಗದೇ ಎಂಬ ಆಸೆಗೂ ಇದೇ ಲೆಕ್ಕ ಉತ್ತರ ಹೇಳುತ್ತದೆ: ನಲವತ್ತೈದು ಡಿಗ್ರಿಗೆ ಐದು ಸಾವಿರ ಅಡಿ ಬೇಕು. ಅಲ್ಲಿ ಬಂಡೆ ಬಿಸಿಯಾಗಿರುತ್ತದೆ, ಬಿರುಕಿನಲ್ಲಿ ನೀರಿರುತ್ತದೆ ಎಂದು ಯಾರೂ ಹೇಳಲಾರರು. ಸಾವಿರದೈನೂರು ಅಡಿಯಲ್ಲೇ ಎಷ್ಟು ಬೋರು ಫೇಲಾಗುತ್ತವೆ ಎಂಬುದನ್ನು ರಿಗ್ ಲಾರಿಯವರನ್ನು ಕೇಳಬಹುದು.

ಉಷ್ಣತೆಗಿಂತ ಬಲವಾದ ಗುರುತು ನೀರಿನಲ್ಲೂ ಜನರ ಹಲ್ಲಿನಲ್ಲೂ ಇದೆ. ಗ್ರಾನೈಟಿನ ಕಪ್ಪು ಅಭ್ರಕ, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಫ್ಲೋರಿನ್ ಇರುತ್ತದೆ. ನೀರು ಬಂಡೆಯೊಡನೆ ಹೆಚ್ಚು ಕಾಲ ಇದ್ದಷ್ಟೂ, ಹೆಚ್ಚು ಬೆಚ್ಚಗಾದಷ್ಟೂ ಅದು ಕರಗಿ ಹೊರಬರುತ್ತದೆ; ಈ ನಡುವೆ ನೀರಿನಲ್ಲಿದ್ದ ಸುಣ್ಣದಂಶ ಗಸಿಯಾಗಿ ಕೂತರೆ ಫ್ಲೋರೈಡನ್ನು ಹಿಡಿದಿಡುವ ಕ್ಯಾಲ್ಸಿಯಂ ಕಡಿಮೆಯಾಗಿ, ಫ್ಲೋರೈಡ್ ಇನ್ನೂ ಏರುತ್ತದೆ. ಬಕ್ರೇಶ್ವರದಂಥ ಬಿಸಿಬುಗ್ಗೆಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೀಗೆ. ಚಿಕ್ಕಬಳ್ಳಾಪುರ ಜಿಲ್ಲೆಯ ಆಳದ ಬೋರುಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಫ್ಲೋರೈಡ್ ಮೀರುತ್ತಿರುವುದೂ ಹೀಗೆಯೇ. ತೆರೆದ ಬಾವಿಯ ನೀರು ಕುಡಿದ ತಲೆಮಾರಿಗೆ ಇಲ್ಲದ ಹಲ್ಲಿನ ಕಂದುಗೆರೆ ಬೋರಿನ ನೀರು ಕುಡಿದವರಿಗೆ ಬಂದದ್ದು, ನೀರು ಬಂಡೆಯೊಳಗೆ ಎಷ್ಟು ಕಾಲ ಇತ್ತು ಎಂಬುದರ ದಾಖಲೆ. ‘ಖನಿಜಭರಿತ’ ಎಂದು ಬಿಸಿಬುಗ್ಗೆಯ ನೀರನ್ನು ಬೊಗಸೆಯಲ್ಲಿ ಕುಡಿಯುವ ಯಾತ್ರಿಕರಿಗೆ ಈ ಮಾತು ಹೇಳಬೇಕು. ಬಿಸಿನೀರಿನಲ್ಲಿ ಮೈ ನೆನೆಸಿದರೆ ಕೀಲುನೋವಿಗೆ ಹಾಯೆನಿಸುವುದು ಸರಿ, ಕುಡಿಯುವುದು ಬೇರೆ ಮಾತು. ಒಂದು ಲೆಕ್ಕಕ್ಕೆ ಜಂಗಮಕೋಟೆಯ ಬೋರು ಅರ್ಧ ಬಿಸಿಬುಗ್ಗೆ. ನೀರು ಆಳದಲ್ಲಿ ದೀರ್ಘಕಾಲ ಕೂತದ್ದು ಎರಡಕ್ಕೂ ಸಮ. ಮೇಲೆ ಬರುವ ದಾರಿಯನ್ನು ಮಾತ್ರ ಇಲ್ಲಿ ರಿಗ್ ಕೊರೆದುಕೊಟ್ಟಿದೆ. ಬುಗ್ಗೆಯಲ್ಲಿ ಹೋದಷ್ಟು ನೀರಿಗೆ ಹಿಂದಿನಿಂದ ಮಳೆ ಸೇರುತ್ತಿರುತ್ತದೆ, ಅದಕ್ಕೇ ಬಾತ್ ಎರಡು ಸಾವಿರ ವರ್ಷವಾದರೂ ನಿಂತಿಲ್ಲ. ಇಲ್ಲಿ ಮೇಲೆತ್ತಿದ್ದು ನಮ್ಮ ಆಯುಷ್ಯದಲ್ಲಿ ಮರಳಿ ತುಂಬುವಂಥದ್ದಲ್ಲ.

ಪೂರ್ತಿ ಬುಗ್ಗೆಯನ್ನೇ ಕಾಣಬೇಕೆನ್ನುವ ಕನ್ನಡಿಗರು ಉತ್ತರಕ್ಕೆ ರೈಲು ಹತ್ತಬೇಕಿಲ್ಲ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆ ಹೊಳೆಯ ಮಗ್ಗುಲಲ್ಲಿ, ಅಡಿಕೆ ತೋಟಗಳ ನಡುವೆ ಬೆಂದ್ರು ತೀರ್ಥ ಇದೆ. ದಕ್ಷಿಣ ಭಾರತಕ್ಕೇ ಇದೊಂದು ಎಂಬ ಪ್ರಚಾರ ಅತಿಶಯೋಕ್ತಿ. ಗೋದಾವರಿ ಕಣಿವೆಯಲ್ಲಿ ಭದ್ರಾಚಲಂ, ಮಣುಗೂರು ಕಡೆ ಇದಕ್ಕಿಂತ ಬಿಸಿಯಾದ ನೀರಿದೆ. ಬೆಂದ್ರು ತೀರ್ಥ 37ರಿಂದ 40 ಡಿಗ್ರಿಯ ಹದದ್ದು; ಅನ್ನ ಬೇಯದು, ಮೈಗೆ ಹಿತ. ಆದರೆ ನಮ್ಮ ವಾದಕ್ಕೆ ಇದು ಮಣಿಕರಣ್‌ಗಿಂತ ಒಳ್ಳೆಯ ಸಾಕ್ಷಿ. ಕರಾವಳಿಯ ನೆಲ ಸರಾಸರಿ 27 ಡಿಗ್ರಿ. ಅದರ ಮೇಲೆ ಹತ್ತು, ಹದಿಮೂರು ಡಿಗ್ರಿ ಏರಿಕೆ. ಕೆಜಿಎಫ್‌ನ ಲೆಕ್ಕವನ್ನೇ ಹಚ್ಚಿದರೆ ಈ ನೀರು ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಇಳಿದಿರಬೇಕು. ದಾರಿಯಲ್ಲಿ ತುಸು ಆರಿದ್ದರೆ ಇನ್ನೂ ಆಳಕ್ಕೆ. ಜಂಗಮಕೋಟೆಯ ಯಾವ ಬೋರೂ ಮುಟ್ಟದ ಆಳದಿಂದ, ಮೋಟರಿಲ್ಲದೆ, ನೀರು ತಾನಾಗಿ ಬರುತ್ತಿದೆ. ಅಲ್ಲೂ ಇರುವುದು ಹಳೆಯ ಗಟ್ಟಿ ಬಂಡೆಯೇ, ಅಲ್ಲೂ ಜ್ವಾಲಾಮುಖಿಯಿಲ್ಲ. ಇರುವ ವ್ಯತ್ಯಾಸವೆಂದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆ, ಪೂರ್ವಕ್ಕೆ ಒತ್ತಡ ಕೊಡುವ ಘಟ್ಟದ ಎತ್ತರ, ಮುಚ್ಚಿಕೊಳ್ಳದೆ ಉಳಿದ ಒಂದು ಸೀಳು.

ಶಾಖ ಇದ್ದೇ ಇರುತ್ತದೆ, ದಾರಿಯೇ ಅಪರೂಪ ಎಂದಾದರೆ ಬುಗ್ಗೆ ಸಾಯುವುದೂ ದಾರಿ ಕೆಟ್ಟಾಗಲೇ. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಶುರುವಾಗಿ ಬೋರುಗಳಿಂದ ನೀರು, ಹಬೆ ತೆಗೆದ ಮೇಲೆ ಪಕ್ಕದ ಕಣಿವೆಯ ಚಿಲುಮೆಗಳು ನಿಂತೇ ಹೋದವು. ರೊಟೊರುವಾದಲ್ಲಿ ಮನೆ ಬೆಚ್ಚಗಿಡಲು, ಹೋಟೆಲುಗಳ ಸ್ನಾನಕ್ಕೆ ಎಂದು ನೂರಾರು ಬೋರು ಕೊರೆದರು. ಪಾಪಕುರಾ ಎಂಬ ಚಿಲುಮೆ 1979ರಲ್ಲಿ ಉಕ್ಕುವುದನ್ನು ಬಿಟ್ಟಿತು. 1986ರಲ್ಲಿ ಸರ್ಕಾರ, ಅಲ್ಲಿನ ದೊಡ್ಡ ಚಿಲುಮೆ ಪೊಹುಟುವಿನಿಂದ ಒಂದೂವರೆ ಕಿಲೋಮೀಟರ್ ದೂರದೊಳಗಿನ ಬೋರುಗಳನ್ನೆಲ್ಲ ಮುಚ್ಚಿಸಲು ಹೊರಟಿತು. ಊರಿನವರು ಜಗಳಕ್ಕೆ ನಿಂತರು, ಆದರೂ ಮುಚ್ಚಿಸಿದರು. ನೆಲದಡಿಯ ನೀರಿನ ಮಟ್ಟ ಏರಿತು, ಬುಗ್ಗೆಗಳು ಒಂದೊಂದಾಗಿ ಚೇತರಿಸಿಕೊಂಡವು, 2015ರಲ್ಲಿ ಪಾಪಕುರಾ ಮತ್ತೆ ಉಕ್ಕಿತು. ಅದು ಜ್ವಾಲಾಮುಖಿಯ ನಾಡು, ನಮಗೆ ಹೇಗೆ ಅನ್ವಯ ಎನ್ನಬಹುದು. ಆದರೆ ಅದರಿಂದ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಶಿಲಾಪಾಕವೇ ಕೆಳಗಿದ್ದ ಊರಿನಲ್ಲೂ ನೀರಿನ ಒತ್ತಡ ಹೋದದ್ದಕ್ಕೇ ಚಿಲುಮೆ ನಿಂತಿತೆಂದರೆ, ಕಿಲೋಮೀಟರಿಗೆ ಹನ್ನೆರಡು ಡಿಗ್ರಿಯ ಬಡ ಶಾಖದಲ್ಲಿ ಒಂದೇ ಸೀಳನ್ನು ನಂಬಿರುವ ಬೆಂದ್ರು ತೀರ್ಥ ಎಷ್ಟು ತಡೆದೀತು? ಅಡಿಕೆ ತೋಟಕ್ಕೆ ಬೋರು ಬೇಡ ಎನ್ನುವುದು ಸುಲಭದ ಮಾತಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ತೋಟದವರು ಮಾಡುವುದಾದರೂ ಏನು? ಆದರೆ ಎಲ್ಲಿ ಕೊರೆಯಬಾರದು ಎಂದು ಗೆರೆ ಎಳೆಯುವ ಕ್ರಮ ನಮಗೆ ಹೊಸದೇನಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂದು ಕರ್ನಾಟಕದ 1999ರ ಕಾಯ್ದೆಯೇ ಹೇಳುತ್ತದೆ. ಬೆಂದ್ರು ತೀರ್ಥಕ್ಕೆ ಐನೂರು ಮೀಟರ್ ಸಾಕೇ, ರೊಟೊರುವಾದಂತೆ ಒಂದೂವರೆ ಕಿಲೋಮೀಟರ್ ಬೇಕೇ ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ. ಕುಂಡದಲ್ಲೊಂದು, ಸುತ್ತಲಿನ ಬೋರುಗಳಲ್ಲೊಂದೊಂದು ಥರ್ಮಾಮೀಟರ್ ಇಟ್ಟು, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಉಷ್ಣತೆಯನ್ನೂ ಫ್ಲೋರೈಡನ್ನೂ ಬರೆದಿಟ್ಟುಕೊಂಡು ಹೋದರೆ, ಯಾವ ಬೋರು ಆ ಸೀಳಿನ ನೀರನ್ನು ಎಳೆಯುತ್ತಿದೆ ಎಂಬುದು ಕೆಲವೇ ವರ್ಷಗಳಲ್ಲಿ ಗೊತ್ತಾಗುತ್ತದೆ. ಪುತ್ತೂರಿನ ಯಾವುದೇ ಕಾಲೇಜಿನ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇದು.